ಕುಡಿತಾನೇನು ಅಂತ ಕೇಳಿದ್ದಕ್ಕ

ಗಂಡಿನ ನಡತಿ ಗುಟ್ಟಾಗಿ ತಪಾಸ ಮಾಡೋ ಕೆಲಸ ನಮ್ಮ ಮನ್ಯಾಗ ಎಂದೂ ಗುಟ್ಟಾಗಿ ನಡದಿಲ್ಲ. ಎಮರ್ಜೆನ್ಸಿ ಮುಗಿದ ಮ್ಯಾಲಿನ ಮಾತು. ನನ್ನ ತಮ್ಮನ ಮಗಳಿಗೆ ದೇವದುರ್ಗದ ಗಂಡು ಬಂತು, ಒಣಮೆಣಸಿನಕಾಯಿ ಅಂಗಡ್ಯಾಗ ಕೆಲಸ. ಹುಡುಗಿಗೂ ಮನಸ್ಸಾಗಿತ್ತು. ಅದಕ್ಕ ಮೊದಲು ಎರಡು ಸಂಬಂಧ ಮುರಿದಿದ್ದವು. ಇದೂ ಹೋದರ ಊರ ಬಾಯಿ ಮುಚ್ಚಾಕ ಆಗಂಗಿಲ್ಲ ಅಂತ ಎಲ್ಲಾರಿಗೂ ಅಂಜಿಕಿ.

೧. ಬಳಿಗಾರ್ತಿ

ರಾಯಚೂರಿನ ನಮ್ಮ ಓಣಿಗೆ ಬರೋ ಬಳಿಗಾರ್ತಿ ಮಾನ್ವಿ, ಗಬ್ಬೂರು, ದೇವದುರ್ಗ ಎಲ್ಲಾ ತಿರುಗತಿದ್ದಳು. ತಮ್ಮನ ಹೆಂಡ್ತಿ ಆಕಿ ಕಿವ್ಯಾಗ ಅಂದಳು, "ಹುಡುಗ ಕುಡಿತಾನೇನು, ಕೇಳ್ಕೊಂಡು ಬಾ. ಯಾರ ಮುಂದೂ ಬಾಯಿ ಬಿಡಬ್ಯಾಡ."

"ನಾ ಯಾಕ ಬಿಡ್ಲಿರೀ ಅಕ್ಕಾರ?"

ಎದುರುಮನಿಯಾಕಿ ಬಸುರಾದ ಸುದ್ದಿ, ಆಕಿ ಗಂಡಗಿಂತ ಮೊದಲು ನನಗ ಮುಟ್ಟಿಸಿದ ಬಾಯಿ ಅದು!

೨. ಕೆಂಪು ಕಣ್ಣು

ತಮ್ಮ ತಡೀಲಾರದ ತಾನೇ ಹೋಗಿ ಅಂಗಡಿ ಮುಂದ ನಿಂತು ನೋಡಿ ಬಂದ. ಮಾರಿ ಸಪ್ಪಗ.

"ಅಕ್ಕಾ, ಹುಡುಗನ ಕಣ್ಣು ಕೆಂಪಗ ಅದಾವ. ಬಾಯಾಗ ಎಲಿ ಅಡಿಕಿ, ವಾಸನಿ ಮುಚ್ಚಾಕ."

"ಎಲಿ ಹಾಕಿರಲಿಲ್ಲಂದ್ರ?"

"ಮುಚ್ಚಬೇಕನ್ನೋ ನಾಚಿಕಿನೂ ಇಲ್ಲ ಅಂತಿದ್ದೆ."

ಕನ್ನಡಿ ತಂದು ಅವನ ಮುಂದ ಹಿಡಿದೆ. ಅಂಗಡಿ ಮೆಣಸಿನಕಾಯಿ ಘಾಟಿಗೆ ಬಸ್ಸಿನುದ್ದಕ್ಕೂ ಕಣ್ಣು ತಿಕ್ಕೊಂಡು ಬಂದಿದ್ದ, ಎರಡೂ ಕೆಂಡ.

"ನೀ ಎಷ್ಟು ಕುಡದು ಬಂದಿಯೋ, ಲೇ?"

೩. ಮೂರೂರಿನ ಸಾಕ್ಷಿ

ಆಮ್ಯಾಲ ಮಾನ್ವಿಯಿಂದ ಸುದ್ದಿ ಬಂತು, ಕುಡಿತಾನ. ಗಬ್ಬೂರಿನಿಂದ ಬಂತು, ಕುಡಿತಾನ. ನಮ್ಮ ಓಣಿ ನಳದ ಕಟ್ಟಿ ಮ್ಯಾಲೂ ಅದೇ. ತಮ್ಮನ ಹೆಂಡ್ತಿ ಅಳಾಕ ಕುಂತಳು, "ಮೂರೂರಿನವರು ಕೂಡಿ ಸುಳ್ಳು ಹೇಳತಾರೇನ್ರೀ?"

ಯಾರು ಹೇಳಿದರು ಅಂತ ಒಬ್ಬೊಬ್ಬರನ್ನೂ ಕೇಳಿದೆ. ಎಲ್ಲಾರೂ ಬಳಿಗಾರ್ತಿ ಅಂದರು. ಆಕಿ ಬುಟ್ಟಿ ಹಿಡದು ನಿಂದ್ರಿಸಿದೆ, "ನೀ ಕಣ್ಣಾರೆ ಕಂಡಿಯೇನ ಬೇ?"

"ನಾ ಕುಡಿತಾನ ಅಂದೇ ಇಲ್ಲ ಯವ್ವಾ. ಕುಡಿತಾನೇನು ಅಂತ ಹುಡುಗಿ ತಾಯಿ ಕೇಳಾಕತ್ತಾಳ ಅಂದೆ. ಹಡದಾಕಿ ಸುಮ್‌ಸುಮ್ನ ಕೇಳತಾಳೇನು ಅಂತ ಅವರೇ ತಿಳ್ಕೊಂಡರು!"

ಮೂರೂರಿನ ಸಾಕ್ಷಿ ನಮ್ಮ ಅಡಿಗಿ ಮನ್ಯಾಗ ಮೂಗು ಸೀತಕೊಂತ ಕುಂತಿತ್ತು.

೪. ಬೀಗ್ತಿ

ಅಷ್ಟರಾಗ ಗಂಡಿನ ತಾಯಿ ದೇವದುರ್ಗದ ಬಸ್ಸಿಗೆ ಬಂದಿಳಿದಳು. ಸಂಬಂಧ ಮುರಿಯಾಕೇ ಬಂದಾಳ ಅಂತ ಹುಡುಗಿ ಬಾಗಲ ಹಿಂದ ಸೆರಗು ಕಚ್ಚಿ ನಿಂತಳು. ಆಕಿ ನೋಡಿದರ ನನ್ನ ಕೈ ಹಿಡದು ಗೊಳೋ ಅಂದಳು:

"ಊರಿಗೆಲ್ಲ ಗೊತ್ತದಂತ, ನನಗೊಬ್ಬಾಕಿಗೇ ಗೊತ್ತಿಲ್ಲ! ಅವರಪ್ಪ ದಿನಾ ಅವನ ಬಾಯಿ ಮೂಸಿ ಸೀನಾಕತ್ತಾರ, ಮೆಣಸಿನಕಾಯಿ ಘಾಟು ಬಿಟ್ಟು ಏನೂ ಸಿಗವಲ್ದು. ನಿಮ್ಮ ತಪಾಸ ಪಕ್ಕಾ ಅಂತ. ನನ್ನ ಮಗ ಎಲ್ಲಿ ಕುಡಿತಾನ, ನೀವಾರ ಹೇಳ್ರೀ!"

ಎಲ್ಲಾ ಬಿಡಿಸಿ ಹೇಳಿದೆ. ಹೊಟ್ಟಿ ಹಿಡಕೊಂಡು ನಕ್ಕಳು, ಅಲ್ಲೇ ಕುಂತು ಮದುವಿ ಮಾತು ಮುಗಿಸಿದಳು. ಚಿಂತ್ಯಾಗ ನಿದ್ದಿಗೆಟ್ಟಿದ್ದ ನನ್ನ ತಮ್ಮ ಬಸ್ ಸ್ಟ್ಯಾಂಡಿಗೆ ಕಳಿಸಿ ಬರ್ತೀನಿ ಅಂತ ಚಪ್ಪಲಿ ಮೆಟ್ಟಿದ. ಬೀಗ್ತಿ ನನ್ನ ಕಿವಿಗೆ ಬಗ್ಗಿ ಮೆಲ್ಲಕ ಕೇಳಿದಳು:

"ಅದಿರಲಿ ಯವ್ವಾ, ನಿಮ್ಮ ತಮ್ಮನ ಕಣ್ಣು ಯಾಕ ಅಷ್ಟು ಕೆಂಪಗ ಅದಾವ?"