ಎಣ್ಣೆ ಯಂತ್ರದವರಿಗೆ, ನನ್ನ ಮಂಕು ಚೆಂಡಿನ ವಿಷಯವಾಗಿ

ಚೆಂಡು ಉರುಳಿಸಿ ಪಿನ್ನುಗಳನ್ನು ಬೀಳಿಸುವ ಬೌಲಿಂಗ್ ಅಂಕಣದ ಮರದ ಲೇನುಗಳಿಗೆ ಎಣ್ಣೆ ಬಳಿಯುವ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಚಕ್ರಗಳೂ ಬ್ರಷ್ಷುಗಳೂ ಕ್ಷೇಮವೆಂದು, ಎಣ್ಣೆಯ ಡಬ್ಬಿ ಎಂದಿನಂತೆ ತುಂಬಿ ತುಳುಕುತ್ತಿದೆಯೆಂದು ನಂಬಿ, ಮೂವತ್ತೊಂದು ವರ್ಷಗಳಿಂದ ಮೇಜು ಕುರ್ಚಿ ಬಾಗಿಲುಗಳಿಗೆ ಪಾಲಿಶ್ ಹಾಕಿ ಬದುಕುತ್ತಿರುವ, ಸದ್ಯ ಏಳನೇ ಲೇನಿನ ಬಲಗಡೆ, ದಾರಿ ತಪ್ಪಿದ ಚೆಂಡು ಬೀಳುವ ಗಟರಿನ ಕಾಯಂ ಗಿರಾಕಿಯಾಗಿರುವ ನಾನು ಮಾಡುವ ನಮಸ್ಕಾರಗಳು.

ಮರಕ್ಕೆ ಎಣ್ಣೆ ಕುಡಿಸುವ ಕಸುಬಿನಲ್ಲಿ ನಾವಿಬ್ಬರೂ ಒಂದೇ ಪಂಗಡದವರು. ಒಂದು ಕುರ್ಚಿಗೆ ನಾನು ಅರ್ಧ ದಿನ ಕೈ ಸವೆಸಿದರೆ, ತಾವು ಗುಂಯ್ ಎಂದು ಹೋಗಿ ಬರುವಷ್ಟರಲ್ಲಿ ಇಡೀ ಲೇನು ಮಿರಮಿರ ಮಿಂಚುತ್ತದೆ. ವ್ಯತ್ಯಾಸವೆಂದರೆ ನಾನು ಹಚ್ಚಿದ್ದನ್ನು ಒರೆಸುತ್ತೇನೆ, ತಾವು ಹಚ್ಚಿ ಹಾಗೇ ಹೊರಟುಬಿಡುತ್ತೀರಿ. ಈ ಪಂದ್ಯಾವಳಿಗೆಂದು ತಾವು ತೋರಿಸಿರುವ ಧಾರಾಳವನ್ನು ಕಂಡರೆ ಅಡುಗೆಮನೆಯವರಿಗೆ ಹೊಟ್ಟೆ ಉರಿಯಬೇಕು.

ನನ್ನ ಸಂಕಟ ಇಷ್ಟೇ. ಭಾನುವಾರ ದಂಪತಿಗಳ ಪಂದ್ಯಾವಳಿಯ ಫೈನಲ್. ಹನ್ನೊಂದು ವರ್ಷ ಆಡಿ ಇದೇ ಮೊದಲ ಸಲ ನಾವು ಅಲ್ಲಿಯವರೆಗೆ ಬಂದಿದ್ದೇವೆ, ಅದೂ ನನ್ನಾಕೆಯ ಕೈಚಳಕದಿಂದ. ಮುಂದಿನ ವಾರ ಆಕೆಯ ಮಂಡಿಗೆ ಶಸ್ತ್ರಚಿಕಿತ್ಸೆ. ಆಮೇಲೆ ಚೆಂಡು ಮುಟ್ಟುವ ಹಾಗಿಲ್ಲವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಅಂದರೆ ಆಕೆಗೆ ಇರುವುದು ಇದೊಂದೇ ಪಂದ್ಯ, ಆ ಪಂದ್ಯದಲ್ಲಿ ಆಕೆಗೆ ಗಂಟುಬಿದ್ದಿರುವ ಜೊತೆಗಾರ ನಾನು.

ಆದ್ದರಿಂದಲೇ ಎರಡು ವಾರದ ಹಿಂದೆ ಹೊಸ ಚೆಂಡು ಕೊಳ್ಳಲು ಹೋದೆವು. ಅಂಗಡಿಯಾಕೆ ನನ್ನ ಬೆರಳುಗಳ ಅಳತೆ ತೆಗೆದುಕೊಳ್ಳುತ್ತಲೇ ತಾಳ್ಮೆಯಿಂದ ತಿಳಿಸಿ ಹೇಳಿದರು: ಎಣ್ಣೆ ಹೆಚ್ಚಿರುವ ಲೇನಿನಲ್ಲಿ ನುಣುಪು ಚೆಂಡು ಜಾರಿಕೊಂಡು ನೆಟ್ಟಗೆ ಹೋಗಿಬಿಡುತ್ತದೆ, ಮೈ ತರಿತರಿಯಾದ ಮಂಕು ಚೆಂಡು ಮಾತ್ರ ನೆಲವನ್ನು ಹಿಡಿದು ಪಿನ್ನುಗಳ ಕಡೆಗೆ ತಿರುಗುತ್ತದೆ. ಕಪಾಟಿನಲ್ಲಿ ಕನ್ನಡಿಯಂಥ ಕೆಂಪು ಚೆಂಡೊಂದು ನನ್ನನ್ನೇ ನೋಡುತ್ತಿತ್ತು. ಆದರೂ ಮನಸ್ಸು ಗಟ್ಟಿಮಾಡಿಕೊಂಡು, ವಾರದಿಂದ ಮುಖ ತೊಳೆಯದಂತಿದ್ದ ಬೂದು ಚೆಂಡನ್ನೇ ತಂದೆ. ಇಲ್ಲಿಯವರೆಗೆ ನನ್ನ ನಡತೆಯಲ್ಲಿ ಯಾರೂ ಹುಳುಕು ಹುಡುಕಲಾರರು.

ಅದರ ನಂತರದ ಎರಡು ವಾರ ಆ ಚೆಂಡು ಬಾಗಲಿಲ್ಲ, ಬಳುಕಲಿಲ್ಲ, ಬಿಟ್ಟ ಬಾಣದಂತೆ ಬಲಗಡೆ ಗಟರಿಗೆ ಹೋಗಿ ಬಿತ್ತು. ಪ್ರತಿಸಲವೂ ನಾನು ತಮ್ಮನ್ನು ಬೈದೆ. ಮ್ಯಾನೇಜರ ಬಳಿ, ಆಟಕ್ಕೆ ಬೂಟು ಬಾಡಿಗೆ ಕೊಡುವ ಯಜಮಾನರ ಬಳಿ, ಎದುರು ತಂಡದ ದಂಪತಿಗಳ ಬಳಿ ತಮ್ಮ ಮಾನ ಹರಾಜು ಹಾಕಿದೆ. ಭಾನುವಾರ ತಾವು ಒಂದು ಹೊತ್ತು ಉಪವಾಸವಿರಬೇಕೆಂದೋ, ಅದಾಗದಿದ್ದರೆ ನನ್ನ ಚೆಂಡು ಹೋಗುವ ದಾರಿಯಲ್ಲಿ ಮಾತ್ರ ಅಂಗೈಯಗಲ ಒಣಜಾಗ ಬಿಡಬೇಕೆಂದೋ, ಅದೂ ಆಗದಿದ್ದರೆ ಪಿನ್ನುಗಳನ್ನೇ ಗಟರಿನೊಳಗೆ ನಿಲ್ಲಿಸಲು ಶಿಫಾರಸು ಮಾಡಬೇಕೆಂದೋ ಬೇಡಿಕೊಳ್ಳಲು ಮೊನ್ನೆ ಈ ಪತ್ರವನ್ನು ಆರಂಭಿಸಿದ್ದು.

ಆದರೆ ನಿನ್ನೆ ಸಂಜೆ ನಡೆದದ್ದನ್ನು ತಮ್ಮಲ್ಲಿ ಮುಚ್ಚಿಡಲಾರೆ. ಮಂಡಿಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದ ನನ್ನಾಕೆ ಮೇಜಿನ ಮೇಲಿದ್ದ ನನ್ನ ಚೆಂಡನ್ನು ಹತ್ತಿರಕ್ಕೆ ಉರುಳಿಸಿಕೊಂಡಳು, ಅದರಲ್ಲಿ ಮುಖ ನೋಡಿಕೊಂಡು ಮುಂಗುರುಳು ಸರಿಮಾಡಿಕೊಂಡಳು, ಹಿಂದಕ್ಕೆ ತಳ್ಳಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೌದು ಮಾನ್ಯರೇ, ತಂದ ದಿನವೇ ಅದನ್ನು ನನ್ನ ಪಾಲಿಶ್ ಕಾರ್ಖಾನೆಗೆ ಒಯ್ದಿದ್ದೆ. ಮಂಕಾದ ಮೈ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಂದು ಸಲ ಮೇಣ ಹಚ್ಚಿ ನೋಡೋಣವೆಂದು ಶುರುಮಾಡಿದವನು ಮೂರು ಸಂಜೆ ತಿಕ್ಕಿ, ಮೀಸೆ ತಿದ್ದಿಕೊಳ್ಳಬಹುದಾದಷ್ಟು ಹೊಳಪು ತಂದೆ. ಎಣ್ಣೆ ಹಿಡಿಯಲೆಂದು ಆರಿಸಿ ತಂದ ಚೆಂಡನ್ನು ಎಣ್ಣೆಯ ಮೇಲೆ ಜಾರುವಂತೆ ಮಾಡಿದ್ದು ತಾವಲ್ಲ, ನಾನು. ಇವತ್ತು ಬೆಳಿಗ್ಗೆ ಉಪ್ಪು ಕಾಗದ ತೆಗೆದುಕೊಂಡು ಆ ಹೊಳಪನ್ನೆಲ್ಲ ಕೆರೆದು ತೆಗೆದೆ. ನನ್ನದೇ ಕೈಕೆಲಸವನ್ನು ನಾನೇ ಕೆಡಿಸಿದ್ದು ಇದೇ ಮೊದಲು. ಆಮೇಲೆ ಮನೆಗೆ ಹೋಗಿ, ತಪ್ಪು ನನ್ನದೇ ಎಂದು ನನ್ನಾಕೆಗೆ ಹೇಳಿದೆ. ಆಕೆ ಬಿಸಿನೀರಿನ ಚೀಲ ಪಕ್ಕಕ್ಕಿಟ್ಟು, ಇನ್ನೊಂದು ಸಲ ಹೇಳಿ ಎಂದಳು.

ಆದ್ದರಿಂದ ಮೇಲಿನ ಬೇಡಿಕೆಗಳನ್ನೆಲ್ಲ ಹಿಂತೆಗೆದುಕೊಂಡು, ತಾವು ಮನಸ್ಸಿಗೆ ಬಂದಷ್ಟು ಸುರಿಯಬಹುದೆಂದು ಅಪ್ಪಣೆ ಕೊಡುತ್ತಾ,

ತಮ್ಮ ವಿಶ್ವಾಸಿ,
ಏಳನೇ ಲೇನಿನ ಪಾಲಿಶಿನವನು

ಮರೆತ ಮಾತು: ಶನಿವಾರ ಬರೆದು ಮುಗಿಸಿದ ಈ ಪತ್ರವನ್ನು ಸೋಮವಾರ ಕಳಿಸುತ್ತಿದ್ದೇನೆ. ಚೆಂಡು ಚೆನ್ನಾಗಿಯೇ ತಿರುಗಿತು, ಆದರೂ ಎರಡು ಪಿನ್ನುಗಳಿಂದ ಸೋತೆವು. ಎರಡನೇ ಬಹುಮಾನ ತೆಗೆದುಕೊಳ್ಳುವಾಗ ನನ್ನಾಕೆ ಮೈಕು ಹಿಡಿದು, ಎಲ್ಲರೆದುರಿಗೆ ಧನ್ಯವಾದ ಹೇಳಿದ್ದು ನನಗಲ್ಲ, ತಮಗೆ: "ಕಪ್ ಹೋದ್ರೆ ಹೋಗ್ಲಿ. ಮದುವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ನಮ್ಮ ಮನೆಯವರ ಬಾಯಲ್ಲಿ 'ತಪ್ಪು ನಂದೇ' ಅನ್ನಿಸಿದ್ದು ಈ ಎಣ್ಣೆ." ಇದೊಂದಕ್ಕೆ ಮಾತ್ರ ತಮ್ಮನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.