ಪೂರ್ವಾನುಮತಿ ಇಲ್ಲದೆ ಹೊಂದಿಕೊಂಡ ಬೆಕ್ಕು

ಬಿಳಿಗೆರೆ ಹೋಬಳಿಯಲ್ಲಿ ಒಂದು ವರ್ಷದೊಳಗಿನ ಮಗು ಇರುವ ಯಾವುದೇ ಮನೆಯಲ್ಲಿ ಹೊಂದಾಣಿಕೆ ಪ್ರಮಾಣಪತ್ರ ಇಲ್ಲದ ಬೆಕ್ಕು ವಾಸಿಸತಕ್ಕದ್ದಲ್ಲ. ಇದು ಗೃಹಬೆಕ್ಕು ಮತ್ತು ನವಜಾತ ಶಿಶು ಹೊಂದಾಣಿಕೆ ಅಭಿಯಾನದ ನಿಯಮ ನಾಲ್ಕು. ನಿಯಮ ಒಂದರಿಂದ ಮೂರರವರೆಗೆ ಅಭಿಯಾನದ ಲಾಂಛನ, ಬ್ಯಾನರಿನ ಅಳತೆ ಮತ್ತು ಉದ್ಘಾಟನೆಯ ದಿನ ವೇದಿಕೆಯ ಮೇಲೆ ಯಾರು ಯಾರ ಪಕ್ಕ ಕೂರಬೇಕು ಎಂಬುದನ್ನು ತಿಳಿಸುತ್ತವೆ. ಐದನೇ ನಿಯಮವನ್ನು ಮುಂದೆ ತಿಳಿಸಲಾಗುವುದು.

ನಾನು ಗೋವಿಂದಯ್ಯ. ನಂಜನಗೂಡಿನಲ್ಲಿ ಅಭಿಯಾನದ ಘಟಕ ಕಚೇರಿ ತೆರೆದ ದಿನವೇ ಅದರ ಮೆಟ್ಟಿಲ ಪಕ್ಕ ಸ್ಟೂಲು ಹಾಕಿಕೊಂಡು ಅರ್ಜಿ ಬರೆಯಲು ಕೂತವನು. ಇಪ್ಪತ್ತೆರಡು ವರ್ಷದಿಂದ ನಾನಾ ಕಚೇರಿಗಳ ಮುಂದೆ ಕೂತಿದ್ದೇನೆ. ಯೋಜನೆಗಳು ಬರುತ್ತವೆ, ಹೋಗುತ್ತವೆ, ಅರ್ಜಿ ಮಾತ್ರ ಯಾವಾಗಲೂ ಬೇಕು. ಆದ್ದರಿಂದ ನನಗೆ ಯಾವ ಯೋಜನೆಯ ಮೇಲೂ ಸಿಟ್ಟಿಲ್ಲ. ಈ ಪ್ರಕರಣದ ಎಲ್ಲಾ ಅರ್ಜಿಗಳನ್ನೂ ಬರೆದವನು ನಾನೇ ಆಗಿರುವುದರಿಂದ ಇಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಬಿಳಿಗೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಂಜೇಶ್ ಎಂಬುವರ ಹೆಂಡತಿ ಚೈತ್ರ. ತವರು ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ಮದುವೆಯಾಗಿ ಬರುವಾಗ ಆಕೆ ಒಂದು ಬುಟ್ಟಿಯಲ್ಲಿ ಕೆಂಚಿ ಎಂಬ ಕಂದು ಬಣ್ಣದ ಬೆಕ್ಕನ್ನು ತಂದರು. ನಂಜೇಶನ ತಾಯಿ ಪುಟ್ಟಗೌರಮ್ಮನವರಿಗೆ ಅದು ಹಿಡಿಸಲಿಲ್ಲ. ಹೆರಿಗೆಗೆಂದು ಸೊಸೆ ತವರಿಗೆ ಹೊರಟಾಗ, “ನಾನು ಅದ್ಕೆ ಆಲು ಉಯ್ಕೊಂಡು ಕೂತ್ಕಳಾಕಿಲ್ಲ” ಎಂದು ಹೇಳಿದ್ದರಿಂದ ಕೆಂಚಿಯೂ ಬಾಣಂತನಕ್ಕೆ ಹೆಮ್ಮಿಗೆಗೆ ಹೋಯಿತು.

ಅಲ್ಲಿ ಹೆಣ್ಣು ಮಗು ಹುಟ್ಟಿತು. ಶಿವಾನಿ ಎಂದು ಹೆಸರಿಟ್ಟರು. ಮಗು ಆಸ್ಪತ್ರೆಯಿಂದ ಬಂದ ದಿನ ಕೆಂಚಿ ತೊಟ್ಟಿಲ ಅಂಚಿಗೆ ಮೂಗು ತಂದು ಮೂಸಿತು, ಒಂದು ಸಲ ಸೀನಿತು, ತೊಟ್ಟಿಲ ಕೆಳಗೆ ಹೋಗಿ ಮಲಗಿತು. ಅಷ್ಟೇ. ಆಮೇಲೆ ಮಗು ಅತ್ತಾಗಲೆಲ್ಲ ಅಡುಗೆಮನೆಗೆ ಹೋಗಿ ಯಾರ ಕಾಲಿಗಾದರೂ ಮೈ ಉಜ್ಜಿ ಕರೆದುಕೊಂಡು ಬರುವುದನ್ನು ರೂಢಿ ಮಾಡಿಕೊಂಡಿತು. ಇದಕ್ಕೆ ಅದು ಯಾರ ಅನುಮತಿಯನ್ನೂ ಪಡೆದಿರಲಿಲ್ಲ.

ಐದು ತಿಂಗಳಿಗೆ ತಾಯಿ, ಮಗು, ಬೆಕ್ಕು ಮೂವರೂ ಬಿಳಿಗೆರೆಗೆ ಬಂದರು. ಪುಟ್ಟಗೌರಮ್ಮನವರು ಅಷ್ಟರಲ್ಲಿ ನಾಲ್ಕು ಕುಲಾವಿ ಹೊಲಿದಿದ್ದರು, ತೊಟ್ಟಿಲಿಗೆ ಹೊಸ ಹಗ್ಗ ಹಾಕಿಸಿದ್ದರು, ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತಿದ್ದರು. ಎರಡೂ ಕೈ ಚಾಚಿ ಮೊಮ್ಮಗಳನ್ನು ಬಾಚಿ ಎತ್ತಿಕೊಂಡರು. ಮಗು ಕಿಟಾರನೆ ಕಿರುಚಿಕೊಂಡಿತು. ಎಷ್ಟು ತಟ್ಟಿದರೂ ನಿಲ್ಲಿಸಲಿಲ್ಲ. ಕೊನೆಗೆ ಕೆಂಚಿಯ ಬಾಲ ಕಂಡಿತು ನೋಡಿ, ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಿತು.

“ಕೂಸ್ಗೆ ನಾನ್ ಯಾರು ಅಂತ ಗೊತ್ತಿಲ್ಲ. ಬೆಕ್ಕು ಗೊತ್ತದೆ” ಎಂದರು ಪುಟ್ಟಗೌರಮ್ಮ. ಅವರಿಗೆ ಬಹಳ ನೋವಾಯಿತು. ನೋವನ್ನು ಮಗುವಿನ ಮೇಲೆ ತೀರಿಸಿಕೊಳ್ಳಲಾಗದು, ಸೊಸೆಯ ಮೇಲೆ ತೀರಿಸಿಕೊಂಡರೆ ಮಗ ಮುಖ ಊದಿಸಿಕೊಳ್ಳುತ್ತಾನೆ. ಉಳಿದದ್ದು ಬೆಕ್ಕು.

ಆ ವಾರವೇ ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದ ಪ್ರಕಟಣೆ ಹೀಗಿತ್ತು: “ಸಾರ್ವಜನಿಕರ ಗಮನಕ್ಕೆ. ತಮ್ಮ ತಮ್ಮ ಮನೆಯ ಬೆಕ್ಕುಗಳನ್ನು ತಿಂಗಳ ಕೊನೆಯೊಳಗೆ ಹೊಂದಿಸಿಕೊಂಡು ಪ್ರಮಾಣಪತ್ರ ಪಡೆಯತಕ್ಕದ್ದು. ತಪ್ಪಿದಲ್ಲಿ ಬೆಕ್ಕು ಮನೆ ಬಿಡತಕ್ಕದ್ದು. ಬೆಕ್ಕು ಇಲ್ಲದವರು ಇಲ್ಲ ಎಂಬುದಕ್ಕೆ ಪ್ರಮಾಣಪತ್ರ ಪಡೆಯತಕ್ಕದ್ದು.”

ಪುಟ್ಟಗೌರಮ್ಮನವರು ಆಟೋ ನಿಲ್ಲಿಸಿ ಇನ್ನೊಂದು ಸಲ ಕೂಗಿಸಿದರು. ಒಳಗೆ ಬಂದು ಹೇಳಿದರು: “ಸರ್ಟಿಫಿಕೇಟ್ ಬಂದ್ರೆ ಇರ್ಲಿ. ಬರ್ನಿಲ್ಲ ಅಂದ್ರೆ ಹದಿನಾರಿನ ಗದ್ದೆ ಬಯಲಿಗೆ ಬುಟ್ಟು ಬರ್ಲಿ ನಂಜೇಶ. ನಾನೇನು ಏಳ್ತಿಲ್ಲ, ಸರ್ಕಾರ ಏಳ್ತಾ ಅದೆ.”

ಮಾರನೆಯ ದಿನ ಚೈತ್ರ ನನ್ನ ಸ್ಟೂಲಿನ ಮುಂದೆ ಬಂದು ನಿಂತರು. ಕಣ್ಣು ಕೆಂಪಾಗಿತ್ತು. ನಾನು ನಮೂನೆ-1 ಬರೆದುಕೊಟ್ಟೆ. ಬೆಕ್ಕಿನ ಹೆಸರು, ತಂದೆಯ ಹೆಸರು (ತಿಳಿದಿಲ್ಲ), ಉದ್ಯೋಗ (ಇಲಿ ಹಿಡಿಯುವುದು, ಹವ್ಯಾಸಿ), ಒಟಿಪಿ ಬರುವ ಮೊಬೈಲ್ ಸಂಖ್ಯೆ, ಪ್ರಮಾಣಪತ್ರ ಬಾರದಿದ್ದಲ್ಲಿ ಬೆಕ್ಕು ಹೋಗುವ ಸ್ಥಳ (ಅತ್ತೆಯವರ ಸೂಚನೆಯಂತೆ, ಹದಿನಾರು ಎಂಬ ಗ್ರಾಮದ ಗದ್ದೆ ಬಯಲು).

ಅರ್ಜಿ ಹಿಡಿದು ಬಿಳಿಗೆರೆಗೆ ಬಂದವರು ಹೊಂದಾಣಿಕೆ ನಿರೀಕ್ಷಕ ಸಿದ್ದರಾಜು. ಗುತ್ತಿಗೆ ನೌಕರ, ಒಳ್ಳೆಯ ಮನುಷ್ಯ. ತಿಂಗಳಿಗೆ ಮೂವತ್ತು ಬೆಕ್ಕಿನ ಗುರಿಯಲ್ಲಿ ಹನ್ನೊಂದಾಗಿತ್ತು. ಅರ್ಜಿ ಬರೆದವನು ಸಾಕ್ಷಿಯಾಗಿ ಇರಬೇಕೆಂಬ ನಿಯಮವಿದ್ದುದರಿಂದ ನಾನೂ ಅವರ ಬೈಕಿನ ಹಿಂದೆ ಕೂತು ಹೋದೆ. ಕೆಂಚಿ ತೊಟ್ಟಿಲ ಕೆಳಗೆ ಮಲಗಿತ್ತು. ಮಗುವಿನ ಒಂದು ಕಾಲು ತೊಟ್ಟಿಲಿನಿಂದ ಆಚೆ ಬಂದು ಅದರ ಕಿವಿಗೆ ತಾಗುತ್ತಿತ್ತು.

ಸಿದ್ದರಾಜು ಹಣೆ ಒರೆಸಿಕೊಂಡರು. “ಮೇಡಂ, ಇದಾಗಲೇ ಹೊಂದ್ಕೊಂಬುಟ್ಟದಲ್ಲ.”

“ಹೌದು ಸಾರ್. ಮೊದಲನೇ ದಿನದಿಂದಲೇ.”

“ಅದೇ ತಾಪತ್ರಯ. ಮೂರು ಹಂತದ ಫೋಟೊ ಬೇಕು. ಮೊದಲ್ನೇದು ಪ್ರತಿರೋಧ, ಎರಡ್ನೇದು ಪ್ರಗತಿ, ಮೂರ್ನೇದು ಹೊಂದಾಣಿಕೆ. ಪಾಯ ತೆಗೆಯೋಕೆ ಮುಂಚೆ ಫೋಟೊ ಹೊಡಿಸ್ದೆ ಸರ್ಕಾರಿ ಮನೆ ಕಟ್ಕೊಂಡು ಬಿಲ್ ಸಿಗ್ದೇ ಹೋದೋರ ಕತೆ ನೀವು ಕೇಳಿಲ್ವಾ? ಹಂಗೇ ಇದೂವೆ. ಪೂರ್ವಾನುಮತಿ ಇಲ್ಲದೆ ಹೊಂದ್ಕೊಂಡದೆ.”

“ಹೆಮ್ಮಿಗೇಲಿ ಹೊಂದ್ಕೊಂಡಿದ್ದು ಸಾರ್. ಅಲ್ಲೇ ಕೇಳಿ ನೋಡಿ.”

ಕೇಳಲಾಯಿತು. ಟಿ. ನರಸೀಪುರದ ಘಟಕದಿಂದ ಬಂದ ಉತ್ತರ: “ನಮ್ಮ ತಾಲ್ಲೂಕಿನಲ್ಲಿ ಅಭಿಯಾನ ಇನ್ನೂ ಉದ್ಘಾಟನೆಯಾಗದ ಕಾರಣ ಇಲ್ಲಿ ಯಾವುದೇ ಬೆಕ್ಕು ಯಾವುದೇ ಮಗುವಿಗೆ ಹೊಂದಿಕೊಂಡಿರಲು ಅವಕಾಶವಿರುವುದಿಲ್ಲ.”

ಕಡತ ತಾಲ್ಲೂಕು ಸಂಯೋಜಕಿ ಸರ್ವಮಂಗಳಾ ಅವರ ಮೇಜಿಗೆ ಹೋಯಿತು. ಅವರು ಕಡತವನ್ನು ಪೂರ್ತಿ ಓದುವ ಅಪರೂಪದ ಅಧಿಕಾರಿ. ಓದಿ ಹಸಿರು ಶಾಯಿಯಲ್ಲಿ ಬರೆದರು: “ಸದರಿ ಹೊಂದಾಣಿಕೆಯನ್ನು ರದ್ದುಪಡಿಸಿದೆ. ನಿಯಮಾನುಸಾರ ಹೊಸದಾಗಿ ಹೊಂದಿಕೊಳ್ಳಲು ಬೆಕ್ಕಿಗೆ ಸೂಚಿಸುವುದು.”

ಸಿದ್ದರಾಜು ನೋಟೀಸನ್ನು ಕೆಂಚಿಯ ಮುಂದೆ ಗಟ್ಟಿಯಾಗಿ ಓದಿ, ಒಂದು ಪ್ರತಿಯನ್ನು ತೊಟ್ಟಿಲಿಗೆ ಅಂಟಿಸಿದರು. ಕೆಂಚಿ ಆಕಳಿಸಿತು. “ತಿಳಿವಳಿಕೆ ನೀಡಲಾಗಿದೆ, ಬಾಯಿ ತೆರೆದು ಒಪ್ಪಿಕೊಂಡಿದೆ” ಎಂದು ನಾನು ಮಹಜರಿನಲ್ಲಿ ಬರೆದೆ.

ನಂತರದ ಒಂದು ವಾರ ಆ ಮನೆಯಲ್ಲಿ ಬೆಕ್ಕನ್ನು ರೇಗಿಸುವ ಕೆಲಸ ನಡೆಯಿತು. ಕುಕ್ಕರ್ ಕೂಗಿಸಿದರು. ಮೊಬೈಲಿನಲ್ಲಿ ನಾಯಿ ಬೊಗಳಿಸಿದರು. ಮಗುವಿನ ಕೈಗೆ ಬಾಲ ಕೊಟ್ಟು ಎಳೆಸಿದರು, ಮಗು ಬಾಲವನ್ನು ಬಾಯಿಗಿಟ್ಟುಕೊಂಡಿತು, ಕೆಂಚಿ ಕಣ್ಣು ಮುಚ್ಚಿಕೊಂಡಿತು. ತಾನು ಸಾಕಿದ ಬೆಕ್ಕು ತನ್ನ ಮಗುವನ್ನು ಕಂಡು ಗುರ್ರೆನ್ನಲಿ ಎಂದು ತಾಯಿಯೊಬ್ಬಳು ದೇವರಲ್ಲಿ ಬೇಡಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅರ್ಜಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ತಿಂಗಳು ಮುಗಿಯಲು ಹದಿನೆಂಟು ದಿನ ಉಳಿದಿರುವಾಗ ಸಿದ್ದರಾಜು ಕೊನೆಯ ಪ್ರಯತ್ನಕ್ಕೆಂದು ಮೊಬೈಲ್ ಹಿಡಿದು ನಿಂತರು. ಪುಟ್ಟಗೌರಮ್ಮನವರು ಮಗುವನ್ನು ಎತ್ತಿಕೊಳ್ಳಲು ಬಗ್ಗಿದರು. ಮಗು ಕಿರುಚಿತು. ಕೆಂಚಿ ಚಂಗನೆ ತೊಟ್ಟಿಲಿಗೆ ಹಾರಿ ಮಗುವಿನ ಪಕ್ಕ ಕೂತಿತು. ಪುಟ್ಟಗೌರಮ್ಮನವರು ಪೊರಕೆ ಎತ್ತಿ, ಹಲ್ಲು ಕಚ್ಚಿ, ಕಣ್ಣು ಕೆಕ್ಕರಿಸಿದರು. ಫೋಟೊ ಬಿತ್ತು.

ಅಭಿಯಾನದ ಆ್ಯಪ್‌ನಲ್ಲಿ ಹಸಿರು ಚೌಕವೊಂದು ಬೆಕ್ಕನ್ನು ಬಿಟ್ಟು, ಮಗುವನ್ನು ಬಿಟ್ಟು, ಪುಟ್ಟಗೌರಮ್ಮನವರ ಮುಖದ ಸುತ್ತ ಕೂತಿತು. “ಬೆಕ್ಕು ಪತ್ತೆಯಾಗಿದೆ. ಪ್ರತಿರೋಧ: ತೀವ್ರ. ಮೊದಲ ಹಂತ ಯಶಸ್ವಿ.”



“ಅಳಿಸಾಕು ಸಾ” ಎಂದ ನಂಜೇಶ್.

“ಅಳಿಸೋ ಬಟನ್ನು ಜಿಲ್ಲೇಲೂ ಇಲ್ಲ ನಂಜೇಶಣ್ಣ” ಎಂದರು ಸಿದ್ದರಾಜು.

ನಾನು ತಿದ್ದುಪಡಿ ಅರ್ಜಿ ಬರೆದೆ. ಸರ್ವಮಂಗಳಾ ಅವರು ಪೂರ್ತಿ ಓದಿ ಹಸಿರು ಶಾಯಿಯಲ್ಲಿ ಉತ್ತರಿಸಿದರು: “ತಂತ್ರಾಂಶದ ನಿರ್ಣಯವೇ ಅಂತಿಮ. ಫೋಟೊದಲ್ಲಿರುವ ಬೆಕ್ಕೇ ಮುಂದಿನ ಎರಡು ಹಂತಗಳಿಗೂ ಹಾಜರಾಗತಕ್ಕದ್ದು. ತಪ್ಪಿದಲ್ಲಿ ನಿಯಮ ನಾಲ್ಕು ಅನ್ವಯವಾಗುವುದು.”

ಇದನ್ನು ಪುಟ್ಟಗೌರಮ್ಮನವರಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

“ಅಂಗಂದ್ರೆ?”

“ಅಂದರೆ, ನೀವು ತಿಂಗಳ ಕೊನೆಯೊಳಗೆ ಮಗುವಿಗೆ ಹೊಂದಿಕೊಳ್ಳಬೇಕು. ಇಲ್ಲದಿದ್ದರೆ ಮನೆ ಬಿಡಬೇಕು.”

“ಬುಟ್ಟು ಎಲ್ಗೆ ಓಗ್ಲಿ?”

“ಹದಿನಾರಿನ ಗದ್ದೆ ಬಯಲು ಅಂತ ನೀವೇ ಸೂಚಿಸಿದ್ದು ಕಡತದಲ್ಲಿದೆ.”

ಪುಟ್ಟಗೌರಮ್ಮನವರು ಪೊರಕೆಯನ್ನು ಮೂಲೆಗಿಟ್ಟು ನೆಲದ ಮೇಲೆ ಕೂತುಬಿಟ್ಟರು. “ಒಂದ್ಕೊಳಕೆ ನಾನೇನು ಒಲ್ಲೆ ಅಂದ್ನಾ?” ಎಂದರು. “ಕೂಸೇ ನನ್ ತಾವ ಬರಾಕಿಲ್ವಲ್ಲ. ಮುಟ್ಟುದ್ರೆ ಸಾಕು, ಅಳ್ತದೆ.” ಹೇಳುತ್ತ ಅವರೂ ಅತ್ತರು.

ಸೊಸೆಗೆ ಇದು ಒಳ್ಳೆಯ ಅವಕಾಶವಾಗಿತ್ತು. ಪ್ರಮಾಣಪತ್ರ ಬಾರದಂತೆ ನೋಡಿಕೊಳ್ಳಲು ಆಕೆ ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಚೈತ್ರ ಅತ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕೂತರು.

“ಅತ್ತೆ, ಬಂದ ತಕ್ಷಣ ಎತ್ಕೋಬೇಡಿ. ಕೈ ಚಾಚ್ಬೇಡಿ. ತೊಟ್ಟಿಲ ಹತ್ರ ಸುಮ್ನೆ ಕೂತ್ಕೊಳಿ. ಅವಳೇ ನೋಡ್ಲಿ. ಕೆಂಚಿ ಮಾಡಿದ್ದೂ ಅಷ್ಟೇ.”

“ಬೆಕ್ಕು ಮಾಡ್ದಂಗೆ ಮಾಡ್ಬೇಕಾ ನಾನು?”

“ದಾಖಲೆ ಪ್ರಕಾರ ಹಂಗೇ ಅತ್ತೆ.”

ಎರಡನೇ ಹಂತ ಹದಿನೈದು ದಿನದ್ದು. ಬೆಕ್ಕು ದಿನಕ್ಕೆ ಎರಡು ಗಂಟೆ ತೊಟ್ಟಿಲಿನಿಂದ ಒಂದು ಮಾರು ದೂರದೊಳಗೆ, ಗದ್ದಲವಿಲ್ಲದೆ, ಉಗುರು ತೋರಿಸದೆ ಕೂರತಕ್ಕದ್ದು. ಪುಟ್ಟಗೌರಮ್ಮನವರು ಕೂತರು. ಮೊದಲ ಮೂರು ದಿನ ಗೋಡೆ ನೋಡಿಕೊಂಡು ಅವರೆಕಾಯಿ ಸುಲಿದರು. ನಾಲ್ಕನೇ ದಿನ ಮಗು ತೊಟ್ಟಿಲ ಬಟ್ಟೆ ಸರಿಸಿ ಇಣುಕಿತು. ಪುಟ್ಟಗೌರಮ್ಮನವರು ಕೈ ಚಾಚದೆ ಇನ್ನೊಂದು ಅವರೆಕಾಯಿ ಸುಲಿದರು. ಆರನೇ ದಿನ ಒಂದು ಪುಟ್ಟ ಕೈ ಬಂದು ಅವರ ಸೆರಗು ಹಿಡಿಯಿತು. ಹತ್ತನೇ ದಿನ ಮಗು ಅವರ ಮೂಗುಬೊಟ್ಟು ನೋಡಿ ನಕ್ಕಿತು. ಆ ದಿನದ ಫೋಟೊ ಅಲುಗಾಡಿದೆ, ಸಿದ್ದರಾಜು ಹಿಗ್ಗಿನಲ್ಲಿ ಎಗರಿದ್ದರಿಂದ ಎಂದು ಷರಾ ಬರೆದಿದ್ದೇನೆ. ಅವರ ಗುತ್ತಿಗೆಯ ಅವಧಿ ವಿಸ್ತರಣೆಯ ಪ್ರಶ್ನೆಯೂ ಇತ್ತಲ್ಲ.

ಮೂರನೇ ಹಂತ, ವಿಶ್ರಾಂತಿ ಪರೀಕ್ಷೆ. ಬೆಕ್ಕು ಮಗುವಿನ ಪಕ್ಕ ಮೂವತ್ತು ನಿಮಿಷ ನಿದ್ರಿಸಬೇಕು. ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿದರು. ಪುಟ್ಟಗೌರಮ್ಮನವರು ಮಲಗಿದರು, ಅವರ ಹೆಬ್ಬೆರಳು ಹಿಡಿದುಕೊಂಡು ಮಗು ಮಲಗಿತು, ಇಬ್ಬರ ಕಾಲ ಬುಡದಲ್ಲಿ ಕೆಂಚಿ ಮಲಗಿತು. ಪುಟ್ಟಗೌರಮ್ಮನವರು ಗೊರಕೆ ಹೊಡೆದರು. ಆ್ಯಪ್ ಅದನ್ನು ಬೆಕ್ಕಿನ ನೆಮ್ಮದಿಯ ಗುರುಗುಟ್ಟುವಿಕೆ ಎಂದು ದಾಖಲಿಸಿ, ಐದು ಹೆಚ್ಚುವರಿ ಅಂಕ ಕೊಟ್ಟಿತು. “ಅಭಿನಂದನೆಗಳು. ನಿಮ್ಮ ಬೆಕ್ಕು ಹೊಂದಿಕೊಂಡಿದೆ.”

ಪ್ರಮಾಣಪತ್ರ ವಿತರಣಾ ಸಮಾರಂಭ ನಂಜನಗೂಡಿನಲ್ಲಿ ಬ್ಯಾನರ್ ಸಮೇತ ನಡೆಯಿತು. ಪುಟ್ಟಗೌರಮ್ಮನವರು ರೇಷ್ಮೆ ಸೀರೆ ಉಟ್ಟು ವೇದಿಕೆ ಹತ್ತಿದರು. ಸರ್ವಮಂಗಳಾ ಅವರು ಶಾಲು ಹೊದಿಸಿ ಪ್ರಮಾಣಪತ್ರ ಕೊಟ್ಟರು. ಹೆಸರು: ಕೆಂಚಿ. ಬಣ್ಣ: ಕಂದು. ಬಾಲ: ಇದೆ, ಪರಿಶೀಲಿಸಿದೆ. ಮೇಲ್ಗಡೆ ಪುಟ್ಟಗೌರಮ್ಮನವರ ಫೋಟೊ, ಹಣೆಯ ವಿಭೂತಿ ಸಮೇತ. ಯಾರೂ ನಗಲಿಲ್ಲ. ಸರ್ಕಾರಿ ಮೊಹರು ಬಿದ್ದಿದ್ದರೆ ನಗುವ ಪದ್ಧತಿ ನಮ್ಮಲ್ಲಿಲ್ಲ.

ಸಭೆ ಮುಗಿದ ಮೇಲೆ ಮಲ್ಲಾಜಮ್ಮ ಎಂಬ ಇನ್ನೊಬ್ಬ ಅಜ್ಜಿ ಸಿದ್ದರಾಜುವನ್ನು ಪಕ್ಕಕ್ಕೆ ಕರೆದರು. “ಸಾ, ನಮ್ಮನೇಲೂ ಕೂಸು ನನ್ ತಾವ ಬರಾಕಿಲ್ಲ. ಬೆಕ್ಕೇನೋ ಇಲ್ಲ. ನಂದೂ ಒಂದು ಫೋಟೊ ಇಡೀರಿ.” ಮುಂದಿನ ತಿಂಗಳು ಬಿಳಿಗೆರೆ ಹೋಬಳಿಯಲ್ಲಿ ಇಪ್ಪತ್ಮೂರು ಅಜ್ಜಿಯರು, ಏಳು ಅಜ್ಜಂದಿರು ಬೆಕ್ಕುಗಳಾಗಿ ನೋಂದಣಿಯಾದರು. ಗುರಿ ನೂರಕ್ಕೆ ನೂರು ಸಾಧನೆಯಾಯಿತು. ಸಿದ್ದರಾಜು ಅವರ ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಯಿತು. ನನ್ನ ಸ್ಟೂಲಿನ ಮುಂದೆ ಅಜ್ಜಿಯರ ಸಾಲು ರಸ್ತೆಯವರೆಗೆ ಹೋಯಿತು.

ಮೂರು ತಿಂಗಳಾದ ಮೇಲೆ ಮರುಪರಿಶೀಲನೆಗೆಂದು ನಾವಿಬ್ಬರೂ ನಂಜೇಶನ ಮನೆಗೆ ಹೋದೆವು. ಅಷ್ಟರಲ್ಲಿ ಐದನೇ ನಿಯಮ ಬಂದಿತ್ತು: ಒಂದು ಮನೆಗೆ ಒಂದೇ ಬೆಕ್ಕು, ಹೆಚ್ಚುವರಿ ಬೆಕ್ಕನ್ನು ಸ್ಥಳದಲ್ಲೇ ವಶಕ್ಕೆ ಪಡೆಯುವುದು. ಸಿದ್ದರಾಜು ಅದಕ್ಕಾಗಿ ಹೊಸ ಗೋಣಿಚೀಲ ತಂದಿದ್ದರು.

ಪುಟ್ಟಗೌರಮ್ಮನವರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ರಾಗಿಸರಿ ತಿನ್ನಿಸುತ್ತಿದ್ದರು. ಅವರ ಮಂಡಿಗೆ ಒರಗಿಕೊಂಡು ಕೆಂಚಿ ಮೀಸೆ ನೆಕ್ಕಿಕೊಳ್ಳುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಹಾಲಿತ್ತು. ಒಳಬಾಗಿಲಲ್ಲಿ ಚೈತ್ರ ಗೋಣಿಚೀಲವನ್ನೇ ನೋಡುತ್ತ ಬಿಳಿಚಿಕೊಂಡಿದ್ದರು.

ಸಿದ್ದರಾಜು ತಲೆ ಕೆರೆದುಕೊಂಡರು. “ಅಮ್ಮಾ, ಈ ಬೆಕ್ಕು ಯಾರ್ದು?”

“ಯಾವ ಬೆಕ್ಕು ಸಾ?”

“ಇದೇ. ನಿಮ್ಮ ಮಂಡಿ ಹತ್ರ ಇರೋದು.”

ಪುಟ್ಟಗೌರಮ್ಮನವರು ಮಂಡಿಯ ಕಡೆ ನೋಡಲೂ ಇಲ್ಲ. ಮಗುವಿನ ಬಾಯಿಗೆ ಇನ್ನೊಂದು ಚಮಚ ಇಟ್ಟು, ಸೆರಗಿನಲ್ಲಿ ಅದರ ಗಲ್ಲ ಒರೆಸಿ, ಗೋಡೆಯ ಮೇಲೆ ಕಟ್ಟು ಹಾಕಿಸಿದ್ದ ಪ್ರಮಾಣಪತ್ರದ ಕಡೆ ಬೆರಳು ತೋರಿಸಿದರು.

“ಈ ಮನೇಲಿರೋ ಬೆಕ್ಕು ನಾನೊಬ್ಳೇ ಕಣ್ ಸಾ. ಬರ್ಕೊಳಿ.”

ಸಿದ್ದರಾಜು ಗೋಣಿಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡು ಬರೆದುಕೊಂಡರು. ಸಾಕ್ಷಿ ಎಂಬಲ್ಲಿ ನಾನು ರುಜು ಹಾಕಿದೆ.