ಕಣ್ಣೊಳಗಿನ ಬಾಡಿಗೆದಾರ

"ವಿದ್ಯಾರ್ಥಿಗೂ ಪ್ಯೂಪಿಲ್ ಅಂತಾರೆ, ಕಣ್ಣಿನ ನಡುವಿನ ಕಪ್ಪಿಗೂ ಪ್ಯೂಪಿಲ್ ಅಂತಾರೆ. ಎರಡಕ್ಕೂ ಏನು ಸಂಬಂಧ, ಅಳಿಯಂದಿರೇ?"

ಕಣ್ಣಿನ ಪರೀಕ್ಷೆ ಮುಗಿಸಿ ಬಂದ ಅತ್ತೆಯವರು ಹೀಗೆ ಕೇಳಿದಾಗ, ಕಪ್ಪುಕುಳಿಯಿಂದ ಜೀವಕೋಶದವರೆಗೆ ಎಲ್ಲಕ್ಕೂ ಉತ್ತರ ಸಿದ್ಧವಿಟ್ಟುಕೊಂಡಿದ್ದ ನಾನು ತಬ್ಬಿಬ್ಬಾದೆ. ಊಟದ ಹೊತ್ತಿನೊಳಗೆ ಉತ್ತರಿಸದಿದ್ದರೆ ನನ್ನ ಪುಸ್ತಕಗಳನ್ನೆಲ್ಲ ಅಟ್ಟಕ್ಕೇರಿಸುವೆನೆಂದು ಘೋಷಿಸಿದೆ. ಹೆಂಡತಿ ಆ ಕ್ಷಣವೇ ಏಣಿ ಒರೆಸತೊಡಗಿದಳು!

ನಿಘಂಟು ಮಾನ ಉಳಿಸಿತು. ಲ್ಯಾಟಿನ್ನಿನಲ್ಲಿ 'ಪೂಪಿಲ್ಲ' ಎಂದರೆ ಪುಟ್ಟ ಹುಡುಗಿ, ಗೊಂಬೆ. ಪೋಷಕರ ಆಶ್ರಯದಲ್ಲಿ ಬೆಳೆಯುವ ಮಗು ಮುಂದೆ ವಿದ್ಯಾರ್ಥಿಯಾಯಿತು. ಎದುರಿನವರ ಕಣ್ಣಲ್ಲಿ ಕಾಣುವ ನಮ್ಮದೇ ಪುಟ್ಟ ಬಿಂಬ ಕಣ್ಣಿನ ಗೊಂಬೆಯಾಯಿತು.

ನಿಘಂಟನ್ನಾದರೂ ಪರೀಕ್ಷಿಸದೆ ನಂಬುವವನಲ್ಲ ನಾನು. ಹಾಲು ಕಾಯಿಸುತ್ತಿದ್ದ ಹೆಂಡತಿಯ ಗಲ್ಲ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಬಾಗಿದೆ. "ಇಪ್ಪತ್ತು ವರ್ಷದಿಂದ ಇಲ್ಲದ್ದು ಇವತ್ತೇನ್ರೀ?" ಎಂದು ಅವಳು ಹಿಂದೆ ಸರಿದಳು. ನನ್ನ ಕನ್ನಡಕ ಹಾಲಿಗೆ ಜಾರಿತು. ಅದನ್ನು ಹುಡುಕುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತು. ನಲ್ಲಿ ರಿಪೇರಿಗೆ ಬಂದವನು ನಮ್ಮನ್ನು ನೋಡಿ, ನಾಳೆ ಬರುವೆನೆಂದು ಬಾಗಿಲಿಂದಲೇ ತಿರುಗಿದ. ಆ ನಾಳೆ ಬರಲೇ ಇಲ್ಲ. ನಲ್ಲಿ ಸೋರುತ್ತಲೇ ಇದೆ.

ನಕ್ಕು ಸುಸ್ತಾದ ಅತ್ತೆಯವರು ಕಿಟಕಿಗೆ ಮುಖಮಾಡಿ ಕುರ್ಚಿಯಲ್ಲಿ ಕುಳಿತು, ತಮ್ಮ ಕಣ್ಣನ್ನೇ ನೋಡಲು ಕರೆದರು. ಕನ್ನಡಕವಿಲ್ಲದಿದ್ದರೂ ಹತ್ತಿರದ್ದು ನನಗೆ ಚೆನ್ನಾಗಿಯೇ ಕಾಣುತ್ತದೆ. ಬಾಗಿ ನೋಡಿದೆ. ಆ ಕಪ್ಪಿನೊಳಗೆ ಅಕ್ಕಿಕಾಳಿಗಿಂತ ಕಿರಿದಾದ ಒಬ್ಬ ಮನುಷ್ಯ. ಅವನ ಬೆನ್ನ ಹಿಂದೆ ಇಡೀ ಕಿಟಕಿ, ಕಿಟಕಿಯಲ್ಲಿ ಆಕಾಶ! ನಾವೂ ಇದನ್ನು ಪಾಪೆ, ಅಂದರೆ ಗೊಂಬೆ ಎಂದೇ ಕರೆಯುತ್ತೇವಲ್ಲ. ಯಾವ ಕಾಲದಲ್ಲೋ, ಎಲ್ಲೆಲ್ಲೋ, ಯಾರು ಯಾರೋ ಇಷ್ಟೇ ಹತ್ತಿರ ನಿಂತು ಇದನ್ನೇ ನೋಡಿರಬೇಕು.

"ಹೇಗಿದ್ದಾನೆ ನನ್ನ ಬಾಡಿಗೆದಾರ?"

"ತಲೆ ಬೋಳಾಗಿದೆ, ಅತ್ತೆ."

"ನಾನು ಹೋದಮೇಲೆ ಅವನ ಗತಿ?"

"ಕನ್ನಡಿ ಹೋದಮೇಲೆ ಬಿಂಬ ಎಲ್ಲಿಂದ ಬರುತ್ತೆ? ಅಲ್ಲಿಗೆ ಮುಗೀತು."

"ಹಾಗೋ?" ಎಂದು ಅತ್ತೆ ನನ್ನ ಮುಖವನ್ನೇ ನೋಡಿದರು.

ಮರುವರ್ಷ ಅವರು ತೀರಿಕೊಂಡರು. ಹೆಂಡತಿಯ ಫೋನಿಗೆ ಓಗೊಟ್ಟು ಬಂದ, ಅತ್ತೆಯನ್ನು ಪರೀಕ್ಷಿಸಿದ್ದ ಕಣ್ಣಿನ ವೈದ್ಯೆ, ಕಪ್ಪಿನ ಮುಂದಿರುವ ಪಾರದರ್ಶಕ ಪೊರೆಯನ್ನು, ಅಂದರೆ ಕಾರ್ನಿಯಾವನ್ನು ಮಾತ್ರ ತೆಗೆದು ಬೇರೆಯವರಿಗೆ ಕೂರಿಸುವುದಾಗಿ ಹೇಳಿದರು. ಬಿಂಬ ಮೂಡುವುದು ಆ ಪೊರೆಯ ಮೇಲೆಯೇ.

"ಮುಗೀತು ಅಂದಿದ್ರಲ್ಲ," ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. "ಏಣಿ ತರಲಾ?"

ಕಣ್ಣುಗಳನ್ನು ಕೊಡುವ ಮಾತನ್ನು ಅತ್ತೆ ವೈದ್ಯೆಗೆ ಹೇಳಿದ್ದು ಆ ಪರೀಕ್ಷೆಯ ದಿನವೇ ಅಂತೆ. ಮನೆಗೆ ಬಂದು ನನ್ನನ್ನು ಕೇಳುವುದಕ್ಕೂ ಮೊದಲು.